ತುತ್ತಿನ ಗುಡ್ಡದ ಗೋರಂಟಿ

ಕರೇಕಲ್ಲಹಟ್ಟಿಯ ಮೂಡಣಕ್ಕೆ, ಊರ ಕಣಗಳನ್ನು ದಾಟಿ ಹೋದರೆ, ತೀರ ಎತ್ತರವೂ ಅಲ್ಲದ ತೀರ ಗಿಡ್ಡವೂ ಅಲ್ಲದ ಒಂದು ಗುಡ್ಡ ಎದುರಾಗುತ್ತದೆ. ಸುತ್ತಲಿನ ಗುಡ್ಡಗಳ ಮೇಲೆ ಕಾರೆ, ಕಳ್ಳಿ, ಬಿಸಿಲಿಗೆ ಕಾದ ಬಂಡೆ ಬಿಟ್ಟರೆ ಕಣ್ಣಿಗೆ ಹಿತವಾದದ್ದು ಏನೂ ಇಲ್ಲ. ಇದೊಂದು ಮಾತ್ರ ಬುಡದಿಂದ ನೆತ್ತಿಯವರೆಗೆ ಗೋರಂಟಿ ಗಿಡಗಳನ್ನು ಹೊದ್ದುಕೊಂಡು ಕುಳಿತಿದೆ. ಮುಂಗಾರಿನ ಮೊದಲ ಮಳೆ ಬಿದ್ದು ಗಿಡಗಳು ಹೂ ಬಿಟ್ಟವೆಂದರೆ ಆ ಘಮ ಗಾಳಿಯ ಜೊತೆ ಊರೊಳಗೆ ಬಂದು, ಅಡಿಗೆಮನೆಯ ಒಗ್ಗರಣೆಯ ವಾಸನೆಯನ್ನೂ ಮೀರಿ ಮೂಗಿಗೆ ಹತ್ತುತ್ತದೆ. ನೆತ್ತಿಯ ಮೇಲೆ ಒಂದು ಹಾಸುಬಂಡೆ ಇದೆ. ಊರಿನ ಹೆಂಗಸರೆಲ್ಲ ಸಾಲಾಗಿ ಕುಳಿತರೂ ಇನ್ನೂ ಜಾಗ ಉಳಿಯುವಷ್ಟು ಅಗಲವಾದದ್ದು. ಈ ಗುಡ್ಡಕ್ಕೆ ತುತ್ತಿನ ಗುಡ್ಡವೆಂದು ಹೆಸರು. ಹೊರಗಿನಿಂದ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆಯೂ ಒಂದೇ: ಗೋರಂಟಿ ಬೆಳೆಯುವ ಗುಡ್ಡಕ್ಕೆ ಗೋರಂಟಿ ಗುಡ್ಡ ಎನ್ನುವುದು ಬಿಟ್ಟು ತುತ್ತಿನ ಗುಡ್ಡ ಎಂದೇಕೆ ಅನ್ನುತ್ತೀರಿ? ಯಾರೋ ಒಬ್ಬ ಸನ್ಯಾಸಿ ಇಲ್ಲಿ ದಿನಕ್ಕೆ ಒಂದೇ ತುತ್ತು ಉಂಡು ತಪಸ್ಸು ಮಾಡಿದನೆಂದು ಕೆಲವರು ತಾವೇ ಕಟ್ಟಿ ಹೇಳುವುದೂ ಉಂಟು. ಆ ಸನ್ಯಾಸಿಯನ್ನು ನಮ್ಮೂರಿನವರು ಯಾರೂ ಕಂಡವರಲ್ಲ, ನಮ್ಮ ಅಜ್ಜಂದಿರು ಕೇಳಿದವರೂ ಅಲ್ಲ. ಈಚೆಗೆ ಯಾರೋ ಪುಣ್ಯಾತ್ಮರು ಗುಡ್ಡದ ಬುಡದಲ್ಲಿ ‘ಮೆಹಂದಿ ಬೆಟ್ಟ’ ಎಂದು ಬರೆದ ಹಳದಿ ಫಲಕ ನೆಟ್ಟು ಹೋಗಿದ್ದಾರೆ. ನಮ್ಮ ಮೇಕೆಗಳಿಗೆ ಮೈ ತುರಿಸಿಕೊಳ್ಳುವುದಕ್ಕೆ ಅದರಿಂದ ಬಹಳ ಅನುಕೂಲವಾಗಿದೆ.

ಹೆಸರಿನ ಕಥೆ ತಿಳಿಯಬೇಕಾದರೆ ಮೊದಲು ಗೋರಂಟಿಯ ಮರ್ಯಾದೆ ತಿಳಿಯಬೇಕು. ಕರಾವಳಿಯವರು ಮದರಂಗಿ ಎನ್ನುವುದೂ ಇದನ್ನೇ. ಇಂದಿನ ಮಕ್ಕಳಿಗೆ ಇದು ಮದುವೆ ಮನೆಯ ಚಿತ್ತಾರ ಮಾತ್ರ. ನಮ್ಮ ಹಿರಿಯರಿಗೆ ಅದು ಅರ್ಧ ವೈದ್ಯವಾಗಿತ್ತು. ಅಂಗಾಲು ಉರಿದರೆ ಗೋರಂಟಿ, ಹಿಮ್ಮಡಿ ಒಡೆದರೆ ಗೋರಂಟಿ, ಉಗುರುಸುತ್ತಿಗೆ ಗೋರಂಟಿ, ಬಾಯಿಹುಣ್ಣಿಗೆ ಅದರ ಎಲೆ ಕುದಿಸಿದ ನೀರು, ಕೂದಲು ಉದುರಿದರೆ ಆ ಎಲೆ ಹಾಕಿ ಕಾಯಿಸಿದ ಎಣ್ಣೆ, ನಿದ್ದೆ ಬಾರದ ಮುದುಕರ ತಲೆದಿಂಬಿನೊಳಗೆ ಒಣಗಿಸಿದ ಹೂವು. ಹೊಲಕ್ಕೆ ಬೇಲಿ ಬೇಕೆಂದರೂ ಅದೇ. ಸಿಕ್ಕಿದ್ದೆಲ್ಲ ಮೇಯುವ ಮೇಕೆಯೂ ಗೋರಂಟಿಯನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ. ಕೈಗೆ ಹಚ್ಚುವ ಕ್ರಮವೂ ಹೀಗೆ ಬಂದು ಹಾಗೆ ಹೋಗುವಂಥದಲ್ಲ. ಎಳೆಯ ಎಲೆ ಬಿಡಿಸಿ, ಒಂದು ಚೂರು ಅಡಿಕೆ, ಕಾಚು, ಹುಣಸೆಹುಳಿ ಸೇರಿಸಿ, ಕಲ್ಲಿನ ಮೇಲೆ ಬೆಣ್ಣೆಯಂತೆ ಅರೆಯಬೇಕು. ಬೆರಳ ತುದಿಗೆಲ್ಲ ಟೋಪಿ ಇಟ್ಟು, ಅಂಗೈಯ ನಡುವೆ ಚಂದ್ರನಂತೆ ಒಂದು ದುಂಡು ಇಡಬೇಕು. ಆಮೇಲೆ ಕೈ ಚಾಚಿಕೊಂಡು ಸುಮ್ಮನೆ ಕುಳಿತಿರಬೇಕು. ಈ ಸುಮ್ಮನೆ ಕೂರುವುದೇ ನೋಡಿ, ಎಲ್ಲಕ್ಕಿಂತ ಕಷ್ಟದ ಭಾಗ. ಈಗಿನವರು ಕೋನ್ ಹಿಂಡಿಸಿಕೊಂಡು ಅರೆಗಳಿಗೆಯೊಳಗೆ ಕಿರುಬೆರಳಿನಿಂದ ಮೊಬೈಲು ಒತ್ತುತ್ತಿರುತ್ತಾರೆ.

ನಮ್ಮ ಸೀಮೆಯಲ್ಲಿ ಆ ಕುಳಿತಿರುವ ಹೊತ್ತಿಗೆ ಎರಡು ಕಟ್ಟಳೆಗಳಿದ್ದವು. ಗೋರಂಟಿ ಹಚ್ಚಿದ ಕೈಗೆ ಯಾರೂ ಕೆಲಸ ಹೇಳಬಾರದು. ಅತ್ತೆಯಾದರೂ ಸರಿ, ಗಂಡನಾದರೂ ಸರಿ, ಅರಸನಾದರೂ ಸರಿ. ವರ್ಷವೆಲ್ಲ ದುಡಿಯುವ ಹೆಣ್ಣುಮಕ್ಕಳಿಗೆ ಅದೊಂದೇ ಪುರುಸೊತ್ತು ಎಂದು ಯಾವ ತಾಯಿಯೋ ಮಾಡಿಟ್ಟ ಕಟ್ಟಳೆ ಇದ್ದೀತು. ಎರಡನೆಯದು, ಹಾಗೆ ಕುಳಿತವಳಿಗೆ ಹಸಿವಾಗಿ ಅವಳು ಬಾಯಿ ತೆರೆದರೆ, ಎದುರಿಗೆ ಯಾರಿದ್ದಾರೋ ಅವರು ತಮ್ಮ ಕೈಯಿಂದ ಒಂದು ತುತ್ತು ಇಡಲೇಬೇಕು. ಈ ಎರಡರಲ್ಲಿ ಒಂದನ್ನು ಮೀರಿದರೂ ಅಂಥವನ ಮನೆಯ ಒಲೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ ಎಂದು ನಂಬಿದ್ದರು. ಈ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದ ಗಂಡಸು ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯನ್ನು ಮೂಡಲದುರ್ಗದ ಹೊನ್ನೂರಪ್ಪನಾಯಕರು ಆಳುತ್ತಿದ್ದ ಕಾಲದಲ್ಲಿ, ದುರ್ಗಕ್ಕೆ ಹೊಸದೊಂದು ಸುತ್ತುಗೋಡೆ ಕಟ್ಟಿಸುವ ಕೆಲಸ ನಡೆದಿತ್ತಂತೆ. ನಾಯಕರು ಕೆಟ್ಟವರಲ್ಲ, ಕೆರೆಗೆ ತೂಬು ಇಡಿಸಿದವರು, ಕಳ್ಳರ ಕಾಟ ತಪ್ಪಿಸಿದವರು. ಆದರೆ ಗೋಡೆಯ ಹುಚ್ಚು ತಲೆಗೆ ಹತ್ತಿದ ಮೇಲೆ ಅವರಿಗೆ ಗೋಡೆ ಬಿಟ್ಟು ಬೇರೆ ಏನೂ ಕಾಣದೆ ಹೋಯಿತು. ಕಲ್ಲು ಹೊರುವುದಕ್ಕೆ ಗಂಡಸರಿದ್ದರು. ಕಲ್ಲಿಗೆ ಕಲ್ಲು ಕಚ್ಚಿಸುವ ಗಾರೆಯನ್ನು ಕುಟ್ಟುವುದಕ್ಕೆ ಸುತ್ತಲಿನ ಹಳ್ಳಿಗಳ ಹೆಂಗಸರು ಸರದಿಯ ಮೇಲೆ ಬಿಟ್ಟಿ ಚಾಕರಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು ಹಾಕಿ ಕುಟ್ಟಬೇಕು, ಕುಟ್ಟಿದ್ದನ್ನು ಕೈಯಿಂದ ಮಗುಚಬೇಕು, ಮತ್ತೆ ಕುಟ್ಟಬೇಕು. ಸುಣ್ಣ ಬರಿಯ ಕೈಯನ್ನು ಸುಮ್ಮನೆ ಬಿಡುತ್ತದೆಯೇ? ಬೆಳಿಗ್ಗೆ ಹೋದ ಹೆಂಗಸರು ಸಂಜೆ ಅಂಗೈ ಬೆಂದು ಬರುತ್ತಿದ್ದರು. ಮನೆಗೆ ಬಂದರೆ ಮಗುವನ್ನು ಎತ್ತಿಕೊಳ್ಳಲಾರರು, ಮುದ್ದೆ ತಿರುವಲಾರರು, ತಲೆ ಬಾಚಿಕೊಳ್ಳಲಾರರು.

ಅವರಿಗೆಲ್ಲ ದಿಕ್ಕಾಗಿದ್ದವಳು ಬೋರಜ್ಜಿ. ಊರ ಸೂಲಗಿತ್ತಿ. ಹಟ್ಟಿಯಲ್ಲಿ ಓಡಾಡುತ್ತಿದ್ದ ಮುಕ್ಕಾಲು ಪಾಲು ಜನ ಅವಳ ಕೈಯೊಳಗೆ ಬಿದ್ದು ಅತ್ತವರೇ. ಗಂಡ ತೀರಿಕೊಂಡ ಮೇಲೆ ಅವಳು ಈ ಗುಡ್ಡದ ಪಾಳು ಇಳಿಜಾರಿನಲ್ಲಿ ಗೋರಂಟಿ ಕಡ್ಡಿ ಊರುತ್ತ, ಕೊಡದಲ್ಲಿ ನೀರು ಹೊತ್ತು ಹಾಕುತ್ತ, ಬುಡದಿಂದ ಮೇಲಕ್ಕೆ ಬೆಳೆಸಿಕೊಂಡು ಬಂದಿದ್ದಳು. ಸಂಜೆಯಾದರೆ ಬೆಂದ ಕೈಗಳೆಲ್ಲ ಅವಳ ಜಗಲಿಯ ಮುಂದೆ ಸಾಲಾಗಿ ಕೂರುತ್ತಿದ್ದವು. ಎಲ್ಲರ ಕೈಗೂ ತಂಪಾದ ಗೋರಂಟಿ ಮೆತ್ತಿ, ಮೇಲೆ ಔಡಲ ಎಲೆ ಸುತ್ತಿ, ನಾಯಕನಿಗೆ ಎರಡು ಬೈಗುಳ ಸೇರಿಸಿ ಕಳಿಸುತ್ತಿದ್ದಳು. ಬೈಗುಳ ಕೇಳಿದರೇ ಅರ್ಧ ಉರಿ ಇಳಿಯುತ್ತಿತ್ತು ಎನ್ನುತ್ತಾರೆ.

ಬೋರಜ್ಜಿಗೆ ಇದ್ದವಳು ಒಬ್ಬಳೇ ಮೊಮ್ಮಗಳು, ಪಾಲಕ್ಕ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗಿಯನ್ನು ಅಜ್ಜಿಯೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ಸಿಂಗದಹಳ್ಳಿಯ ಬೋಸಯ್ಯನೆಂಬ ಕುರಿ ಸಾಕುವ ಹುಡುಗನಿಗೂ ಅವಳಿಗೂ ಮದುವೆ ಗೊತ್ತಾಗಿತ್ತು. ಹಿರಿಯರು ಗೊತ್ತುಮಾಡುವುದಕ್ಕೆ ಮೊದಲೇ ಅವರಿಬ್ಬರಿಗೂ ಗೊತ್ತಾಗಿತ್ತೆಂದು ಹೇಳುವವರೂ ಇದ್ದಾರೆ. ಬೋಸಯ್ಯನ ಕುರಿಗಳಿಗೆ ಬೇರೆಲ್ಲೂ ಮೇವು ಸಿಗದೆ ಈ ಗುಡ್ಡದ ಕಡೆಗೇ ಬರಬೇಕಾಗುತ್ತಿದ್ದದ್ದು ಹೇಗೆಂದು ಕೇಳುತ್ತಾರೆ. ಮದುವೆಗೆ ದಿನ ನೋಡಿದಾಗಲೆಲ್ಲ ದುರ್ಗದಿಂದ ಕರೆ ಬರುತ್ತಿತ್ತು. ಒಮ್ಮೆ ಚಪ್ಪರ ಹಾಕಿ ಬಿಚ್ಚಿದರು. ಇನ್ನೊಮ್ಮೆ ಹುಡುಗಿಯ ಕೈ ಬೆಂದು ಹಸಿಯಾಗಿದ್ದರಿಂದ ದಿನ ಮುಂದೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಕೊನೆಗೆ ಸಿಂಗದಹಳ್ಳಿಯ ಹಿರಿಯರು ಹೇಳಿ ಕಳಿಸಿದರು: ಜ್ಯೇಷ್ಠ ಮುಗಿಯುತ್ತ ಬಂತು, ಆಷಾಢ ಹೊಕ್ಕರೆ ಮದುವೆಯ ಮಾತಿಲ್ಲ. ಬರುವ ಸೋಮವಾರ ಗೋಧೂಳಿ ಹೊತ್ತಿಗೆ ಧಾರೆಯಾಗದಿದ್ದರೆ ಇದು ನಮಗೆ ಆಗಿಬಾರದ ಸಂಬಂಧವೆಂದು ತಿಳಿದು ಹುಡುಗನಿಗೆ ಬೇರೆ ಕಡೆ ನೋಡುತ್ತೇವೆ. ಪಾಲಕ್ಕ ಅದನ್ನು ಕೇಳಿ ಮನೆಯ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಹಸುವಿಗೆ ಹುಲ್ಲು ಹಾಕಿದಳು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಗಾದೆಯಿದೆ. ಆ ವರ್ಷ ನಾಯಕರು ಕಟ್ಟಿ ನೋಡುತ್ತಿದ್ದರು, ಬೋರಜ್ಜಿ ಮಾಡಿ ನೋಡುತ್ತಿದ್ದಳು. ಎರಡೂ ಒಂದೇ ಸೋಮವಾರ ಎದುರುಬದುರಾದವು. ಆ ದಿನ ಬೆಳಿಗ್ಗೆ ದುರ್ಗದ ಗುರಿಕಾರ ಸೂರಪ್ಪ, ಅಂದರೆ ಬಿಟ್ಟಿ ಆಳುಗಳನ್ನು ಕೂಡಿಸುವ ಅಧಿಕಾರಿ, ಹತ್ತಾರು ಬಂಟರನ್ನು ಕಟ್ಟಿಕೊಂಡು ಹಟ್ಟಿಗೆ ಬಂದನು. ಮಳೆ ಹಿಡಿಯುವ ಮೊದಲು ಗೋಡೆ ಮುಗಿಯಬೇಕು, ಈ ಸಲ ಸರದಿಯಿಲ್ಲ, ಕೈಯಿದ್ದ ಹೆಂಗಸರೆಲ್ಲ ಹೊರಡಬೇಕು ಎಂದು ಸಾರಿಸಿದನು. ಬೋರಜ್ಜಿಯ ಮನೆ ಮುಂದೆ ಬಂದಾಗ ಪಾಲಕ್ಕ ಹಸೆಮಣೆಯ ಮೇಲೆ ಎರಡು ಕೈಯನ್ನೂ ಚಾಚಿ ಕುಳಿತಿದ್ದಳು. ಆಗತಾನೆ ಹಚ್ಚಿದ ಗೋರಂಟಿ ಹಸಿರಾಗಿ ಮಿನುಗುತ್ತಿತ್ತು.

“ಇವಳನ್ನೂ ಎಬ್ಬಿಸು ಅಜ್ಜೀ,” ಎಂದನು ಸೂರಪ್ಪ.

“ಎಬ್ಬಿಸು, ಯಾರು ಬೇಡ ಅಂದರು? ನಿನ್ನ ಹೊಕ್ಕುಳಬಳ್ಳಿ ಕೊಯ್ದ ಕೈ ಇದು. ಅದನ್ನ ಕಟ್ಟೋವಾಗ ಬುದ್ಧೀನೂ ಒಂದು ಗಂಟು ಹಾಕಿ ಕಟ್ಟಬೇಕಾಗಿತ್ತು, ಮರೆತೆ. ಗೋರಂಟಿ ಕೈ ಹಿಡಿದು ಎಳೆಯೋನು ಆಗಿದ್ದೀಯಾ? ಎಳಿ, ನೋಡೋಣ.”

ಸೂರಪ್ಪ ಈ ಹಟ್ಟಿಯಲ್ಲೇ ಹುಟ್ಟಿದವನು, ಕಟ್ಟಳೆ ಗೊತ್ತಿದ್ದವನು. ಮನೆಯಲ್ಲಿ ಒಲೆ ಉರಿಯದಿದ್ದರೆ ಹೆಂಡತಿ ಏನು ಮಾಡಿಯಾಳೆಂಬುದೂ ಅವನಿಗೆ ಗೊತ್ತಿತ್ತು. ಒಬ್ಬ ಮದುಮಗಳನ್ನು ಬಿಟ್ಟು ದೊಡ್ಡ ಮನುಷ್ಯನೆನಿಸಿಕೊಂಡರೆ ಉಳಿದವರು ಗೊಣಗದೆ ಬಂದಾರೆಂದು ಅವನಿಗೆ ತೋರಿತು. ಊರ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, ನಾಯಕರ ಪಾದದಾಣೆ ಇಟ್ಟು ಹೇಳಿದನು: ಗೋರಂಟಿ ಹಚ್ಚಿದ ಕೈಯನ್ನು ನಾನು ಮುಟ್ಟುವುದಿಲ್ಲ; ಅದು ಒಣಗಿ ಉದುರಿದ ಮೇಲೆ ಅವಳೂ ಬರತಕ್ಕದ್ದು; ಉಳಿದವರು ಅಂಬಲಿ ಕುಡಿದು ಈಗಲೇ ಹೊರಡಿ. ಹೀಗೆ ಹೇಳಿ, ಗೌಡರ ಮನೆಯ ಜಗಲಿಗೆ ಮಜ್ಜಿಗೆ ಕುಡಿಯಲು ಹೋಗಿ, ಮಾತಿಗೆ ಮಾತು ಬೆಳೆದು ಸ್ವಲ್ಪ ಹೊತ್ತು ಹೆಚ್ಚಾಗಿಯೇ ಕುಳಿತನು. ಅವನು ಮಾಡಿದ ತಪ್ಪು ಇಷ್ಟೇ. ಬೇರೆ ಸೀಮೆಯ ಗುರಿಕಾರನಾಗಿದ್ದರೆ ಆಣೆ ಇಡುತ್ತಿರಲಿಲ್ಲ, ಇಟ್ಟರೂ ಅದನ್ನು ನಡೆಸುತ್ತಿರಲಿಲ್ಲ.

ಮಜ್ಜಿಗೆ ಮುಗಿಸಿ ಬಂದರೆ ಊರ ಮುಂದೆ ನರಪಿಳ್ಳೆಯಿಲ್ಲ. ಗುಡ್ಡದ ಮೇಲಿಂದ ನಗು ಕೇಳಿಸುತ್ತಿತ್ತು. ಏದುಸಿರು ಬಿಡುತ್ತ ಹತ್ತಿ ನೋಡಿದರೆ, ಹಾಸುಬಂಡೆಯ ತುಂಬ ಹಟ್ಟಿಯ ಹೆಂಗಸರು ಸಾಲುಸಾಲಾಗಿ ಕುಳಿತು, ಎರಡೂ ಕೈಗಳನ್ನು ಅವನ ಕಡೆಗೆ ಚಾಚಿದ್ದರು. ಎಲ್ಲರ ಕೈಯೂ ಹಸಿರು. ಬಾಣಂತಿಯ ಕೈ ಹಸಿರು, ಹಲ್ಲಿಲ್ಲದ ಮುದುಕಿಯರ ಕೈ ಹಸಿರು, ಈಗಷ್ಟೇ ಅವನಿಗೆ ಮಜ್ಜಿಗೆ ಕೊಟ್ಟಿದ್ದ ಗೌಡತಿಯೂ ಹೇಗೋ ಅವನಿಗಿಂತ ಮುಂಚೆ ಮೇಲೇರಿ ಕೈ ಹಸಿರು ಮಾಡಿಕೊಂಡು ಕುಳಿತಿದ್ದಳು. ಮದುವೆಗೆಂದು ಊರಿಗೆಲ್ಲ ಆಗುವಷ್ಟು ಅರೆದಿಟ್ಟಿದ್ದ ಗೋರಂಟಿಯನ್ನು ಕೊನೆಯವಳ ಕೈಗೂ ಮೆತ್ತಿ ಮುಗಿಸಿದ ಬೋರಜ್ಜಿ, ಒಂದು ಮಗುವಿನಿಂದ ತನ್ನ ಕೈಗೂ ಹಚ್ಚಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಳು. ಗಂಡ ಸತ್ತಂದಿನಿಂದ ಅವಳು ಗೋರಂಟಿ ಇಟ್ಟುಕೊಂಡವಳಲ್ಲ. ಸೂರಪ್ಪನಿಗೆ ಅದೊಂದು ದಾರಿ ಕಂಡಿತು. ಗಂಡನಿಲ್ಲದವರಿಗೆ ಗೋರಂಟಿ ಎಲ್ಲಿಯ ಶಾಸ್ತ್ರ, ಅವರಾದರೂ ಏಳಬೇಕು ಎಂದನು. ಬೋರಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಸುಣ್ಣ ಕುಟ್ಟೋವಾಗ ಗಂಡ ಇದ್ದಾನಾ ಅಂತ ಯಾರನ್ನಾದರೂ ಕೇಳಿದ್ದೆಯಾ, ಸೂರಪ್ಪ?” ಎಂದಳು. ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡನು. ಆ ದಿನದಿಂದ ನಮ್ಮೂರಿನಲ್ಲಿ ವಿಧವೆಯರು ಗೋರಂಟಿ ಬಿಟ್ಟದ್ದಿಲ್ಲ.

ಗುರಿಕಾರನಿಗೆ ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ದುರ್ಗಕ್ಕೆ ಒಬ್ಬ ಸವಾರನನ್ನು ಓಡಿಸಿ, ತಾನು ಗೋರಂಟಿ ಒಣಗುವುದನ್ನೇ ಕಾಯುತ್ತ ಗಿಡದ ನೆರಳಿನಲ್ಲಿ ಕುಳಿತನು. ಅಷ್ಟರಲ್ಲಿ ಸಿಂಗದಹಳ್ಳಿಯ ದಿಬ್ಬಣ ಗುಡ್ಡದ ಬುಡಕ್ಕೆ ಬಂದಿತು. ವಿಷಯ ತಿಳಿದ ಬೋಸಯ್ಯ, ಮದುಮಗನ ಪೇಟವನ್ನು ಸೋದರಮಾವನ ಕೈಗೆ ಕೊಟ್ಟು ಮೇಲೆ ಓಡಿ ಬಂದನು. ಪಾಲಕ್ಕನ ಕೈ ಧಾರೆಯ ಹೊತ್ತಿನವರೆಗೂ ಹಸಿಯಾಗಿರಬೇಕು, ಒಣಗಿತೋ ಅವಳು ಸುಣ್ಣದ ಗುಂಡಿಗೆ, ತಾನು ಬೇರೊಬ್ಬಳ ಹಸೆಗೆ ಎಂಬುದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಬಟ್ಟಲಲ್ಲಿ ಹುಣಸೆನೀರು, ಅದರೊಳಗೆ ಹತ್ತಿ. ಅವಳ ಎದುರಿಗೆ ಕುಳಿತು ಬೆರಳು ಬೆರಳಿಗೂ ಒತ್ತಿ ಒತ್ತಿ ಹಸಿ ಮಾಡತೊಡಗಿದನು. ಹೆಂಗಸರು ಬಿಡುತ್ತಾರೆಯೇ? ಕುರಿ ತೊಳೆದ ಹಾಗೆ ತೊಳೆಯಬೇಡಪ್ಪ ಎಂದಳು ಒಬ್ಬಳು. ನಮ್ಮ ಕೈಯೂ ಒಣಗುತ್ತಿದೆ, ಹೀಗೆ ಬಾ ಎಂದಳು ಎಂಬತ್ತು ದಾಟಿದ ಇನ್ನೊಬ್ಬಳು. ಪಾಲಕ್ಕ ಎಷ್ಟೋ ತಿಂಗಳ ಮೇಲೆ ಮನಸಾರೆ ನಕ್ಕಳು. ದಿಬ್ಬಣದ ಉಳಿದ ಗಂಡಸರೂ ಬಟ್ಟಲು ಹಿಡಿದು ಸಾಲುಗಳ ನಡುವೆ ಓಡಾಡಬೇಕಾಯಿತು.

ಹೊತ್ತು ನೆತ್ತಿಗೆ ಬಂದಾಗ ಹಸಿವೂ ಬಂದಿತು. ಮದುವೆಗೆಂದು ಮಾಡಿದ್ದ ಅಡಿಗೆ ಗುಡ್ಡದ ಕೆಳಗೇ ಇತ್ತು. ಹೊಲದಿಂದ ಓಡಿ ಬಂದ ಊರ ಗಂಡಸರು ಅದನ್ನು ಹೊತ್ತು ತಂದರು. ಆದರೆ ಕುಳಿತ ಹೆಂಗಸರ ಲೆಕ್ಕಕ್ಕೆ ನಿಂತ ಗಂಡಸರು ಸಾಲಲಿಲ್ಲ. ಎರಡನೆಯ ಸಾಲಿನ ಒಬ್ಬ ಹುಡುಗಿ ತನ್ನ ಎದುರಿಗೆ ಈಟಿ ಹಿಡಿದು ನಿಂತಿದ್ದ ಬಂಟನನ್ನು ನೋಡಿ ಸುಮ್ಮನೆ ಬಾಯಿ ತೆರೆದಳು. ಅವನು ಗುರಿಕಾರನ ಮುಖ ನೋಡಿದನು. ಗುರಿಕಾರ ಬೇರೆ ಕಡೆ ನೋಡಿದನು. ಬಂಟನಿಗೂ ಮನೆಯಲ್ಲಿ ಒಲೆ ಇತ್ತಷ್ಟೆ. ಈಟಿಯನ್ನು ಗೋರಂಟಿ ಗಿಡಕ್ಕೆ ಒರಗಿಸಿ, ಕೈ ತೊಳೆದು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವಳ ಬಾಯಿಗಿಟ್ಟನು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಈಟಿಗಳೂ ಗಿಡಕ್ಕೆ ಒರಗಿದವು. ತುತ್ತು ದೊಡ್ಡದಾಯಿತು, ಚಿಕ್ಕದಾಯಿತು, ಸಾರು ಸೋರಿತು, ಮೂಗಿಗೆ ಇಟ್ಟೆ ಎಂದು ಹೆಂಗಸರು ಬೈಯುವುದು, ಬಂಟರು ತಿದ್ದಿಕೊಳ್ಳುವುದು ನಡೆಯಿತು. ದಿನಾ ಬೈಸಿಕೊಂಡು ಉಣಬಡಿಸುವುದು ಎಂಥ ಕೆಲಸವೆಂದು ಆ ದಿನ ಅವರಿಗೆ ತಿಳಿಯಿತು ಎನ್ನುತ್ತಾರೆ.

ಇತ್ತ ಸವಾರ ದುರ್ಗವನ್ನು ಮುಟ್ಟಿದಾಗ ನಾಯಕರು ಅಂತಃಪುರದ ಹಜಾರದಲ್ಲಿ ಗಡ್ಡಕ್ಕೆ ಗೋರಂಟಿ ಹಚ್ಚಿಸಿಕೊಂಡು ಕುಳಿತಿದ್ದರಂತೆ. ಅವರಿಗೆ ಗಡ್ಡ ನರೆಯತೊಡಗಿತ್ತು, ಅದು ಯಾರಿಗೂ ಗೊತ್ತಿಲ್ಲವೆಂದು ಅವರು ತಿಳಿದುಕೊಂಡಿದ್ದರು. ಹಟ್ಟಿಯ ಹೆಂಗಸರು ಅಪ್ಪಣೆ ಮೀರಿ ಗುಡ್ಡ ಹತ್ತಿ ಕುಳಿತಿದ್ದಾರೆಂದು ಕೇಳಿದೊಡನೆ ಸಿಟ್ಟು ನೆತ್ತಿಗೇರಿತು. ಗೋರಂಟಿ ತೊಳೆದುಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಗಡ್ಡಕ್ಕೆ ಒಂದು ವಸ್ತ್ರ ಬಿಗಿದು, ಕುದುರೆ ಹತ್ತಿ ಬಂದರು. ಗುಡ್ಡದ ನೆತ್ತಿಗೆ ಬಂದು ನೋಡಿದರೆ ತಮ್ಮ ಬಂಟರು ಮೊಣಕಾಲೂರಿ ಮುದ್ದೆ ಮುರಿಯುತ್ತಿದ್ದಾರೆ. ಗುರಿಕಾರ ಸೂರಪ್ಪ ಗೌಡತಿಗೆ ಪಾಯಸ ಕುಡಿಸುತ್ತಿದ್ದಾನೆ. ಕುದುರೆಯನ್ನು ಕಂಡದ್ದೇ ನಗು ನಿಂತಿತು. ಬಂಟರ ಕೈಯಲ್ಲಿದ್ದ ತುತ್ತುಗಳು ಅಲ್ಲಲ್ಲೇ ನಿಂತವು. ಬೋಸಯ್ಯನೂ ಕೈಯಲ್ಲಿದ್ದ ಹತ್ತಿ ಬಿಟ್ಟು ಎದ್ದು ನಿಂತನು, ಪಾಲಕ್ಕನ ಕೈ ಬಿಸಿಲಿಗೆ ಒಣಗತೊಡಗಿತು.

ನಾಯಕರು ಗದರಲು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಬೋರಜ್ಜಿ ಅವರನ್ನು ನೋಡುತ್ತ ತನ್ನ ಬಾಯಿ ತೆರೆದಳು. ಅಷ್ಟು ಜನರ ನಡುವೆ ಅವಳಿಗೊಬ್ಬಳಿಗೆ ಇನ್ನೂ ಯಾರೂ ತುತ್ತು ಇಟ್ಟಿರಲಿಲ್ಲ. ಇಡಲು ಬಂದವರನ್ನೆಲ್ಲ ಆಮೇಲೆ, ಆಮೇಲೆ ಎಂದು ಅವಳೇ ಕಳಿಸಿದ್ದಳು. ನಾಯಕರು ಲಗಾಮು ಎಳೆದು ಕುದುರೆಯನ್ನು ನಿಲ್ಲಿಸಿದರು. ಅವಳು ಬಾಯಿ ಮುಚ್ಚಿ, “ದೊರೇ, ನಿಮ್ಮ ಗಡ್ಡಕ್ಕೆ ಹಚ್ಚಿರೋದೂ ಈ ಗುಡ್ಡದ ಸೊಪ್ಪೇ. ಪ್ರತಿ ಅಮಾವಾಸ್ಯೆಗೂ ನಾನೇ ಬಿಡಿಸಿ ಕಳಿಸ್ತೀನಿ. ಅದು ಒಣಗೋ ತನಕ ನಿಮಗೂ ಕೆಲಸ ಇಲ್ಲ, ನಮಗೂ ಇಲ್ಲ. ನಿಮ್ಮ ಕೈ ಖಾಲಿ ಇದೆ, ನನ್ನ ಹೊಟ್ಟೆ ಖಾಲಿ ಇದೆ,” ಎಂದು ಹೇಳಿ ಮತ್ತೆ ಬಾಯಿ ತೆರೆದಳು. ಗಡ್ಡದ ಗುಟ್ಟು ಬಯಲಾದಾಗ ಯಾವುದೋ ಮೂಲೆಯಿಂದ ಕಿಸಕ್ಕೆಂದು ಒಂದು ನಗು ಕೇಳಿ ಅಲ್ಲೇ ಅಡಗಿತು. ಊರಿಗೆ ಅರಸನಾದರೂ ತಾಯಿಗೆ ಮಗನೇ. ನಾಯಕರು ಕುದುರೆಯಿಂದ ಇಳಿದರು. ಕೈ ತೊಳೆಯಲು ನೀರು ಕೇಳಿದರು. ಬಂಡೆಯ ಮೇಲೆ ಮಂಡಿಯೂರಿ, ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಆ ಮುದುಕಿಯ ಬಾಯಿಗೆ ಒಂದು ತುತ್ತು ಇಟ್ಟರು. ಬೋರಜ್ಜಿ ನಿಧಾನವಾಗಿ ನುಂಗಿ, “ನಿಮ್ಮ ತಾಯಿ ಚೆನ್ನಾಗಿ ಕಲಿಸಿದ್ದಾರೆ,” ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು, ನಾಯಕರ ಕಣ್ಣಿನಲ್ಲಿಯೂ ಇತ್ತು.

ಅವಳ ಪಕ್ಕದಲ್ಲಿದ್ದವಳೇ ಪಾಲಕ್ಕ. ಮದುಮಗಳೆಂದು ತಿಳಿದು ನಾಯಕರು ಅವಳಿಗೂ ತುತ್ತು ಇಡಲು ಹೋದರು. ಹುಡುಗಿ ಹೆದರಿ ಹಿಂದೆ ಸರಿದಾಗ ಒಣಗಿದ್ದ ಗೋರಂಟಿ ಪೊರೆಪೊರೆಯಾಗಿ ಎದ್ದು ಉದುರಿಬಿಟ್ಟಿತು. ಇನ್ನು ಗುರಿಕಾರ ಕೈ ಹಿಡಿದರೆ ಕೇಳುವವರಿಲ್ಲ. ಆದರೆ ಎಲ್ಲರೂ ನೋಡುತ್ತಿದ್ದದ್ದು ಅವಳ ಅಂಗೈಯನ್ನು. ಬೆರಳ ತುದಿಗಳು ಹವಳದಂತೆ ಕೆಂಪಾಗಿದ್ದವು. ಚಂದ್ರನಿರಬೇಕಾದ ನಡುವಿನ ಜಾಗ ಮಾತ್ರ ಬಣ್ಣ ಹಿಡಿಯದೆ, ಬೆಂದು ಬಿಳಿಚಿಕೊಂಡಿತ್ತು. ನಡುವೆ ಏಕೆ ಬಣ್ಣ ಹತ್ತಲಿಲ್ಲವೆಂದು ನಾಯಕರು ಕೇಳಿದರು. ಪಾಲಕ್ಕ ತಲೆಯೆತ್ತದೆ ಹೇಳಿದಳು.

“ಅಲ್ಲಿ ಚರ್ಮ ಇಲ್ಲ, ದೊರೇ. ಗೋಡೆಗೆ ಹೋಯಿತು.”

ಯಾರೂ ಹೇಳದೆಯೇ ಹೆಂಗಸರೆಲ್ಲ ಒಬ್ಬರ ಕೈಯನ್ನು ಒಬ್ಬರು ಉಜ್ಜಿ ಗೋರಂಟಿ ಉದುರಿಸಿ ಅಂಗೈ ಮೇಲೆ ಮಾಡಿ ಹಿಡಿದರು. ನಾಯಕರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡೆದುಹೋಗಿ ನೋಡಿದರು. ಎಲ್ಲ ಕೈಗಳ ನಡುವೆಯೂ ಅದೇ ಬಿಳಿ. ಅವರಿಗೆ ತುಂಬ ನಾಚಿಕೆಯಾಯಿತು. ತಿರುಗಿ ಬಂದು, ಇನ್ನು ಮುಂದೆ ನನ್ನ ಸೀಮೆಯಲ್ಲಿ ಹೆಣ್ಣಿನ ಕೈ ಗಾರೆ ಮುಟ್ಟಕೂಡದು. ಕಲ್ಲಿನ ಗಾಲಿ ಕಡೆಸಿ, ಎತ್ತು ಕಟ್ಟಿ, ಗಾಣದಂತೆ ತಿರುಗಿಸಿ ಗಾರೆ ಅರೆಯಿರಿ. ಅದಾಗುವವರೆಗೆ ಗೋಡೆ ಇದ್ದಲ್ಲಿಯೇ ಇರಲಿ ಎಂದು ಅಪ್ಪಣೆ ಮಾಡಿದರು. ಸೂರಪ್ಪನಿಗಂತೂ ಜೀವ ಬಂದಂತಾಯಿತು. ಈ ಗುಡ್ಡವನ್ನು ಬೋರಜ್ಜಿಗೆ, ಅವಳ ಗೋರಂಟಿಗೆ ಉಂಬಳಿಯಾಗಿ ಬಿಟ್ಟರು. ಈ ಗಲಾಟೆಯಲ್ಲಿ ಗಡ್ಡದ ವಿಚಾರ ಎಲ್ಲರಿಗೂ ಮರೆತುಹೋಗಿತ್ತು. ಬಿಸಿಲಿನಲ್ಲಿ ಹೊತ್ತು ಮೀರಿ ಕುಳಿತ ಗೋರಂಟಿಯ ಮೇಲಿನ ವಸ್ತ್ರ ಬಿಚ್ಚಿದಾಗ ನಾಯಕರ ಗಡ್ಡ ಮುತ್ತುಗದ ಹೂವಿನ ಬಣ್ಣಕ್ಕೆ ತಿರುಗಿತ್ತು. ಯಾರು ಮೊದಲು ನಗಬೇಕೆಂದು ತಿಳಿಯದೆ ಎಲ್ಲರೂ ತುಟಿ ಕಚ್ಚಿಕೊಂಡಿದ್ದರು. ಬೋರಜ್ಜಿ ನೀರಿನ ಕೊಡ ಮುಂದೆ ಸರಿಸಿದಳು, ಅವರು ಬಗ್ಗಿ ಮುಖ ನೋಡಿಕೊಂಡರು, ಮೊದಲು ಅವರೇ ನಕ್ಕರು. ಆಮೇಲೆ ಗುಡ್ಡವೆಲ್ಲ ನಕ್ಕಿತು.

ಒಂದು ತೊಡಕು ಮಾತ್ರ ಉಳಿದಿತ್ತು. ಸಿಂಗದಹಳ್ಳಿಯ ಹಿರಿಯಳೊಬ್ಬಳು, ಬೋಸಯ್ಯನ ಸೋದರತ್ತೆ, ಹುಡುಗಿಯ ಅಂಗೈ ನೋಡಿ ತಲೆಯಾಡಿಸಿದಳು. ಗೋರಂಟಿ ಎಷ್ಟು ಕೆಂಪೋ ಗಂಡನಿಗೆ ಅಷ್ಟು ಪ್ರೀತಿ ಎನ್ನುತ್ತಾರೆ. ನಡುವೆಯೇ ಖಾಲಿ ಇದ್ದರೆ ಶಕುನ ಒಳ್ಳೆಯದಲ್ಲ ಎಂದಳು. ಪಾಲಕ್ಕನ ಮುಖ ಬಾಡಿತು. ಬೆಳಗಿನಿಂದ ಒಂದು ಮಾತೂ ಆಡದೆ ಹತ್ತಿ ಅದ್ದುತ್ತಿದ್ದ ಬೋಸಯ್ಯ ಆಗ ಬಾಯಿಬಿಟ್ಟನು. “ಆ ಜಾಗ ಖಾಲಿ ಇರಲಿ ಬಿಡು, ಅತ್ತೆ. ಧಾರೆ ಹೊತ್ತಿಗೆ ನನ್ನ ಕೈ ಅಲ್ಲಿ ಇಡಬೇಕಲ್ಲ,” ಎಂದನು. ಸೋದರತ್ತೆಯೇ ಎದ್ದು ಹಸೆ ಹಾಸಿದಳು. ದನಗಳು ಊರ ಕಡೆ ತಿರುಗುವ ಹೊತ್ತಿಗೆ ಆ ಬಂಡೆಯ ಮೇಲೆಯೇ ಧಾರೆಯಾಯಿತು. ಹಾಲು ಹೊಯ್ದವರು ಕೆಂಪು ಗಡ್ಡದ ನಾಯಕರೇ ಎಂದು ನಮ್ಮೂರಿನವರು ಹೇಳುತ್ತಾರೆ, ದುರ್ಗದವರು ಒಪ್ಪುವುದಿಲ್ಲ. ಅವರಿಗೆ ಗಡ್ಡದ ಸಂಗತಿಯೂ ಒಪ್ಪಿಗೆಯಿಲ್ಲ.

ಅರಸನೊಬ್ಬ ಮಂಡಿಯೂರಿ ಮುದುಕಿಗೆ ತುತ್ತು ಇಟ್ಟ ಜಾಗವಾದ್ದರಿಂದ ಇದು ತುತ್ತಿನ ಗುಡ್ಡವಾಯಿತು. ದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ಎತ್ತು ತಿರುಗಿಸುತ್ತಿದ್ದ ಗಾರೆಗಾಣದ ಕಲ್ಲಿನ ಗಾಲಿ ಇಂದಿಗೂ ಅರ್ಧ ಹೂತುಕೊಂಡು ಬಿದ್ದಿದೆ, ಗೋಡೆ ಎಲ್ಲಿಗೆ ನಿಂತಿತೋ ಅಲ್ಲಿಗೇ ನಿಂತಿರುವುದನ್ನೂ ಕಾಣಬಹುದು. ಜ್ಯೇಷ್ಠದ ಕೊನೆಯ ಸೋಮವಾರ ಬಂದರೆ ಊರಿನ ಹೆಂಗಸರು ಬೆಳಿಗ್ಗೆಯೇ ಬಂಡೆ ಹತ್ತಿ ಕೈ ಚಾಚಿಕೊಂಡು ಕೂರುತ್ತಾರೆ, ಗಂಡಸರು ಕೆಳಗೆ ಒಲೆ ಹೂಡುತ್ತಾರೆ. ಆ ದಿನ ಬಂದವರು ಯಾರೇ ಆಗಲಿ, ಮೊದಲು ಅವರ ಕೈಗೆ ನೀರು ಹಾಕುತ್ತೇವೆ. ಹೋದ ವರ್ಷ ಭಾಷಣಕ್ಕೆಂದು ಬಂದ ದೊಡ್ಡವರೊಬ್ಬರು ಅರ್ಧ ಸಾಲು ಹೆಂಗಸರಿಗೆ ಉಣಿಸುವಷ್ಟರಲ್ಲಿ ಭಾಷಣ ಮರೆತರು, ನಮಗೂ ಒಳ್ಳೆಯದೇ ಆಯಿತು. ಇನ್ನೊಂದು ಸಂಗತಿಯನ್ನು ಹೊರಗಿನವರು ತಪ್ಪದೆ ಗಮನಿಸುತ್ತಾರೆ. ಬೇರೆ ಊರುಗಳಲ್ಲಿ ಮದುಮಗಳ ಅಂಗೈ ತುಂಬ ಹೂವು, ಬಳ್ಳಿ, ನವಿಲು ಬಿಡಿಸುತ್ತಾರೆ. ನಮ್ಮೂರಿನ ಹುಡುಗಿಯರೂ ಈಗ ಪೇಟೆಯ ಕೋನ್ ತರಿಸಿ ಮೊಣಕೈವರೆಗೂ ಬಿಡಿಸಿಕೊಳ್ಳುತ್ತಾರೆ, ಬೇಡವೆನ್ನುವುದಕ್ಕೆ ನಾವು ಯಾರು? ಆದರೆ ಅಂಗೈಯ ನಡುವೆ ಒಂದು ರೂಪಾಯಿಯಗಲದ ಜಾಗವನ್ನು ಬರಿದಾಗಿ ಬಿಟ್ಟಿರುತ್ತಾರೆ. ಇಲ್ಲೇಕೆ ಬಣ್ಣವಿಲ್ಲ ಎಂದು ನೀವು ಕೇಳಿದರೆ ಅವರು ಕೂಡಲೇ ಉತ್ತರ ಕೊಡುವುದಿಲ್ಲ, ನಿಮ್ಮ ಮುಖ ನೋಡಿ ಬಾಯಿ ತೆರೆಯುತ್ತಾರೆ.